ಅಪ್ಪ-ಅಮ್ಮನ ಜೊತೆ ಮೊದಲ ಸಲ ಪ್ಯಾರಿಸ್: ಏಜೆಂಟ್ ಕೊಟ್ಟ ಈ ಪ್ಲಾನ್ ಸರಿ ಇದೆಯಾ?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಪ್ಯಾರಿಸ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಅಪ್ಪ, ಅಮ್ಮ. ನಮ್ಮಲ್ಲಿ ಯಾರೂ ಯುರೋಪ್ ನೋಡಿದವರಲ್ಲ. ಅಪ್ಪನಿಗೆ 68, ಮಂಡಿ ನೋವು. ನಡೆಯುತ್ತಾರೆ, ಆದರೆ ಮೆಟ್ಟಿಲು ಕಂಡರೆ ಮುಖ ಸಪ್ಪಗಾಗುತ್ತದೆ. ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಸೋಮವಾರ ಬೆಳಿಗ್ಗೆ ಶಾರ್ಲ್ ದ ಗಾಲ್ ಏರ್‌ಪೋರ್ಟ್‌ನಲ್ಲಿ ಇಳಿಯುತ್ತೇವೆ. ಶನಿವಾರ ಬೆಳಿಗ್ಗೆ ರೈಲಿನಲ್ಲಿ ಸ್ವಿಟ್ಜರ್‌ಲೆಂಡ್, ಅಲ್ಲಿ ನಾಲ್ಕು ದಿನ, ಅಲ್ಲಿಂದಲೇ ವಾಪಸ್.

ಟ್ರಾವೆಲ್ ಏಜೆಂಟ್ ಕೊಟ್ಟ ಪ್ಲಾನ್ ಹೀಗಿದೆ. ಸೋಮವಾರ ಐಫೆಲ್ ಟವರ್, ಸೇನ್ ನದಿಯಲ್ಲಿ ದೋಣಿ, ಆರ್ಕ್ ದ ಟ್ರಯೋಂಫ್ ಅನ್ನೋ ಕಮಾನು. ಮಂಗಳವಾರ ಲೂವ್ರ್ ಮ್ಯೂಸಿಯಂ, ಓರ್ಸೇ ಮ್ಯೂಸಿಯಂ, ನೋತ್ರ್ ದಾಮ್ ಚರ್ಚು. ಬುಧವಾರ ವರ್ಸೈ ಅರಮನೆ, ಆಮೇಲೆ ಡಿಸ್ನಿಲ್ಯಾಂಡ್. ಗುರುವಾರ ಮೊಂಮಾರ್ತ್ರ್ ಗುಡ್ಡ, ಶಾಪಿಂಗ್. ಶುಕ್ರವಾರ ಖಾಲಿ. ಹೋಟೆಲ್ 'ಪ್ಯಾರಿಸ್ ಹತ್ತಿರ', ನಾಲ್ಕು ಸ್ಟಾರ್. ಹಣ ಇನ್ನೂ ಪೂರ್ತಿ ಕಟ್ಟಿಲ್ಲ. ಏನು ಬದಲಿಸಬೇಕು ಹೇಳಿ.

ಸೇನ್ ದಂಡೆ:
ಮಂಗಳವಾರ ಲೂವ್ರ್ ಮುಚ್ಚಿರುತ್ತದೆ. ಈ ವಾರ ಆ ವಾರ ಅಂತಲ್ಲ, ಪ್ರತಿ ಮಂಗಳವಾರ. ಓರ್ಸೇ ಮತ್ತು ವರ್ಸೈಗೆ ಸೋಮವಾರ ರಜೆ. ಇಷ್ಟನ್ನೂ ನೋಡದೆ ಪ್ಲಾನ್ ಮಾಡಿದವರನ್ನು ಉಳಿದದ್ದರಲ್ಲೂ ನಂಬಬೇಡಿ. ಎರಡನೆಯದು, ವರ್ಸೈ ಊರಿನ ಪಶ್ಚಿಮಕ್ಕೆ, ಡಿಸ್ನಿಲ್ಯಾಂಡ್ ಪೂರ್ವಕ್ಕೆ. ಎರಡೂ ಒಂದೇ ದಿನ ಅಂದರೆ ಅಪ್ಪನ ಜೊತೆ ನೀವೂ ಕುಂಟಬೇಕಾಗುತ್ತದೆ. ಮಕ್ಕಳಿಲ್ಲದೆ ಡಿಸ್ನಿ ಯಾಕೆ ಅನ್ನೋದೂ ನನಗೆ ಅರ್ಥವಾಗಲಿಲ್ಲ.

ಹೋಟೆಲ್ ವಿಳಾಸದಲ್ಲಿರುವ ಪಿನ್‌ಕೋಡ್ ಏನು? ಅದನ್ನು ಮೊದಲು ಹೇಳಿ.

ಬೆಣ್ಣೆದೋಸೆ:
95700 ಅಂತಿದೆ. ಯಾಕೆ?

ಸೇನ್ ದಂಡೆ:
ಅನುಮಾನ ನಿಜವಾಯಿತು. ಪ್ಯಾರಿಸ್ ಊರಿನೊಳಗಿನ ಪಿನ್‌ಕೋಡ್ 75ರಿಂದ ಶುರುವಾಗುತ್ತದೆ. ಕೊನೆಯ ಎರಡು ಅಂಕಿ ಯಾವ ವಾರ್ಡ್ ಅಂತ ಹೇಳುತ್ತದೆ. 75001 ಅಂದರೆ ಒಂದನೇ ವಾರ್ಡ್, 75020 ಅಂದರೆ ಇಪ್ಪತ್ತನೇದು. ವಾರ್ಡ್‌ಗಳು ಲೂವ್ರ್ ಹತ್ತಿರದಿಂದ ಶುರುವಾಗಿ ಸುರುಳಿ ಸುತ್ತಿಕೊಂಡು ಹೊರಗೆ ಹೋಗುತ್ತವೆ. 95700 ಅಂದರೆ ರುವಾಸಿ, ಏರ್‌ಪೋರ್ಟ್ ಮಗ್ಗುಲು. ಅಲ್ಲಿಂದ ಊರಿನೊಳಗೆ ಬರಲು ಮೊದಲು ಹೋಟೆಲ್ ವ್ಯಾನ್, ಆಮೇಲೆ ರೈಲು. ಎಲ್ಲ ಸೇರಿ ಒಂದು ಗಂಟೆ. ಮತ್ತೆ ರಾತ್ರಿ ಅದೇ ದಾರಿ.

ಹುಬ್ಬಳ್ಳಿ ಗಾಳಿ:
ಅಲ್ರೀ, ಊರಿನೊಳಗೆ ಹೋಟೆಲ್ ರೇಟ್ ನೋಡಿದ್ದೀರಾ? ಎರಡು ರೂಮು, ಐದು ರಾತ್ರಿ. ಹೊರಗೆ ಇದ್ದರೆ ಅರ್ಧ ಉಳಿಯುತ್ತದೆ. ರೂಮಿಗೆ ಹೋಗೋದು ಮಲಗೋಕೆ ತಾನೇ? ಬೆಳಿಗ್ಗೆ ಹೊರಟು ರಾತ್ರಿ ಬಂದರಾಯಿತು. ನಾನು ಹೋದಾಗಲೂ ಹೊರಗೇ ಇದ್ದೆ, ಏನೂ ಆಗಲಿಲ್ಲ.

ಲೆಕ್ಕದ ಪುಸ್ತಕ:
ನೀವು ಯಾರ ಜೊತೆ ಹೋಗಿದ್ದಿರಿ?

ಹುಬ್ಬಳ್ಳಿ ಗಾಳಿ:
ಗೆಳೆಯರ ಜೊತೆ.

ಲೆಕ್ಕದ ಪುಸ್ತಕ:
ಅದಕ್ಕೇ ಕೇಳಿದೆ. 68ರ ಮನುಷ್ಯರನ್ನು ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಬೀದಿಯಲ್ಲಿ ಇಡೋಕಾಗುತ್ತಾ? ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ ಹತ್ತು ಗಂಟೆ ಸುಮಾರಿಗೆ. ಐಫೆಲ್ ಮಿಂಚೋದನ್ನು ನೋಡಬೇಕು ಅಂದರೆ ಕತ್ತಲಾಗುವವರೆಗೆ ಕಾಯಬೇಕು. ಮಧ್ಯಾಹ್ನ ರೂಮಿಗೆ ಬಂದು ಎರಡು ಗಂಟೆ ಮಲಗಿ, ಕಾಫಿ ಕುಡಿದು, ಆರಕ್ಕೆ ಮತ್ತೆ ಹೊರಟರೆ ಮಾತ್ರ ಅದು ಸಾಧ್ಯ. ಊರಿನೊಳಗೆ ಇದ್ದರೆ ಆಗುತ್ತದೆ, ಏರ್‌ಪೋರ್ಟ್ ಹತ್ತಿರ ಇದ್ದರೆ ಆಗಲ್ಲ. ರೂಮಿನಲ್ಲಿ ಉಳಿಸಿದ ದುಡ್ಡನ್ನು ಸುಸ್ತಿನಲ್ಲಿ ಕಟ್ಟುತ್ತೀರಿ.

ಸರಸ್ವತಿಪುರಂ ಅಜ್ಜಿ:
ಏನಪ್ಪಾ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ಗ್ರೂಪ್ ಟೂರ್‌ನಲ್ಲಿ ಹೋಗಿ. ನಾನೂ ನಮ್ಮ ಯಜಮಾನರೂ ಹಾಗೇ ಹೋಗಿದ್ದೆವು. ಬಸ್ಸು ಬಾಗಿಲಿಗೇ ಬಂದು ಹತ್ತಿಸಿಕೊಳ್ಳುತ್ತದೆ. ರಾತ್ರಿ ಅನ್ನ-ಸಾರು ಸಿಗುತ್ತದೆ. ಟಿಕೆಟ್ಟು, ಕ್ಯೂ, ಯಾವುದೂ ನಮ್ಮ ತಲೆನೋವಲ್ಲ. ಮಗ ಫೋನು ನೋಡಿಕೊಂಡು ದಾರಿ ಹುಡುಕುತ್ತಾ ಸಿಡುಕೋದು, ಅಪ್ಪ-ಅಮ್ಮ ಹಿಂದೆ ಹೆದರಿಕೊಂಡು ನಡೆಯೋದು ಇದೆಯಲ್ಲ, ಅದಕ್ಕಿಂತ ಗ್ರೂಪ್ ಸಾವಿರ ಪಾಲು ಮೇಲು.

ಕಡಲತೀರ:
ಅಜ್ಜಿ, ಗ್ರೂಪ್‌ನಲ್ಲಿ ಲೂವ್ರ್‌ಗೆ ಎಷ್ಟು ಹೊತ್ತು ಕೊಟ್ಟರು?

ಸರಸ್ವತಿಪುರಂ ಅಜ್ಜಿ:
ಹೊರಗಿನಿಂದ ಗಾಜಿನ ಪಿರಮಿಡ್ ತೋರಿಸಿದರು. ಫೋಟೋ ತೆಗೆದೆವು. ನಗಬೇಡ ಮಗು. ಒಳಗೆ ಹೋಗಿ ನನಗೆ ಆಗಬೇಕಾದ್ದು ಏನಿತ್ತು? ದೋಣಿಯಲ್ಲಿ ಕೂತು ಸೇತುವೆಗಳ ಕೆಳಗೆ ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಷ್ಟು ಸಾಕು.

ಸೇನ್ ದಂಡೆ:
ಅಜ್ಜಿ ಹೇಳಿದ್ದರಲ್ಲಿ ಒಂದು ಮಾತು ನಾನೂ ಒಪ್ಪುತ್ತೇನೆ. ಬಾಗಿಲಿನಿಂದ ಬಾಗಿಲಿಗೆ ಬಿಡೋ ಬಸ್ಸು ಮಂಡಿ ನೋವಿನವರಿಗೆ ದೊಡ್ಡ ಆಸರೆ. ಆದರೆ ಅದಕ್ಕೆ ಗ್ರೂಪೇ ಬೇಕು ಅಂತೇನಿಲ್ಲ. ಪ್ಯಾರಿಸ್‌ನ ಸಿಟಿ ಬಸ್ಸೇ ಆ ಕೆಲಸ ಮಾಡುತ್ತದೆ.

ಇಲ್ಲಿಗೆ ಬರೋ ನಮ್ಮವರೆಲ್ಲ ಮೆಟ್ರೋ ಮೆಟ್ರೋ ಅಂತಾರೆ. ಪ್ಯಾರಿಸ್ ಮೆಟ್ರೋ ಶುರುವಾಗಿದ್ದು 1900ರಲ್ಲಿ. ಬೆಂಗಳೂರಿನ ನಮ್ಮ ಮೆಟ್ರೋ ಥರ ಪ್ರತಿ ಸ್ಟೇಷನ್‌ನಲ್ಲಿ ಲಿಫ್ಟು, ಎಸ್ಕಲೇಟರು ಇರುತ್ತದೆ ಅಂದುಕೊಂಡು ಬಂದರೆ ಕಷ್ಟ. ಹಳೆಯ ಲೈನ್‌ಗಳಲ್ಲಿ ಲಿಫ್ಟ್ ಇಲ್ಲದ ಸ್ಟೇಷನ್‌ಗಳೇ ಜಾಸ್ತಿ. ಪೂರ್ತಿ ಲಿಫ್ಟ್ ಇರೋದು 14ನೇ ಲೈನ್‌ನಲ್ಲಿ ಮಾತ್ರ, ಅದು 1998ರದ್ದು. ಇಳಿಯಲು 20 ಮೆಟ್ಟಿಲು, ಒಂದು ಉದ್ದದ ಓಣಿ, ಹತ್ತಲು 15, ತಿರುಗಿ ಇಳಿಯಲು 10. ಲೈನ್ ಬದಲಿಸುವ ಕಡೆಯೆಲ್ಲ ಇದೇ ಕತೆ. ಶಾತಲೆ ಸ್ಟೇಷನ್‌ನಲ್ಲಂತೂ ಒಂದು ಲೈನ್‌ನಿಂದ ಇನ್ನೊಂದಕ್ಕೆ ನಡೆದರೆ ವಾಕಿಂಗ್ ಮುಗಿಯಿತು.

ಬಸ್ಸು ಹಾಗಲ್ಲ. ನೆಲ ತಗ್ಗಿರುತ್ತದೆ, ಒಂದೇ ಹೆಜ್ಜೆಗೆ ಹತ್ತಬಹುದು. ಕಿಟಕಿಯಲ್ಲಿ ಊರು ಕಾಣುತ್ತದೆ. 69ನೇ ನಂಬರ್ ಬಸ್ ಐಫೆಲ್ ಹತ್ತಿರದ ಶಾಂ ದ ಮಾರ್ಸ್‌ನಿಂದ ಹೊರಟು ಲೂವ್ರ್, ನಗರಸಭೆ, ಬಾಸ್ತಿ ದಾಟಿ ಪೆರ್ ಲಾಶೇಸ್ ಸ್ಮಶಾನದ ಕಡೆಗೆ ಹೋಗುತ್ತದೆ. ದುಬಾರಿ ಟೂರಿಸ್ಟ್ ಬಸ್ಸು ತೋರಿಸೋದರಲ್ಲಿ ಅರ್ಧ ಇದರಲ್ಲೇ ಕಾಣುತ್ತದೆ.

ಹುಬ್ಬಳ್ಳಿ ಗಾಳಿ:
ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ? ಮೆಟ್ರೋದಲ್ಲಿ 15 ನಿಮಿಷದ ದಾರಿ ಬಸ್ಸಿನಲ್ಲಿ 40 ನಿಮಿಷ ಆಗುತ್ತದೆ. ಐದು ದಿನದಲ್ಲಿ ಎಷ್ಟು ಹೊತ್ತು ಬಸ್ಸಿನಲ್ಲೇ ಕಳೆಯೋದು?

ಸೇನ್ ದಂಡೆ:
ಆ 40 ನಿಮಿಷ ಕೂತಿರುತ್ತಾರಲ್ಲ. ಅಪ್ಪನಿಗೆ ಅದೇ ವಿಶ್ರಾಂತಿ. ನೀವು ಹೊತ್ತು ಲೆಕ್ಕ ಹಾಕುತ್ತಿದ್ದೀರಿ, ನಾನು ಮೆಟ್ಟಿಲು ಲೆಕ್ಕ ಹಾಕುತ್ತಿದ್ದೇನೆ. ಸಂಜೆ ಐದರಿಂದ ಏಳು ಟ್ರಾಫಿಕ್ ಜಾಸ್ತಿ, ಆ ಹೊತ್ತಿಗೆ ಇವರು ರೂಮಿನಲ್ಲಿ ಇರಲಿ.

ಬೆಣ್ಣೆದೋಸೆ:
ಏಜೆಂಟ್‌ಗೆ ಫೋನ್ ಮಾಡಿ ಲೂವ್ರ್ ವಿಷಯ ಕೇಳಿದೆ. 'ಸರ್, ಅಡ್ಜಸ್ಟ್ ಮಾಡೋಣ' ಅಂದರು. ಟಿಕೆಟ್ ವಿಷಯ ಸ್ವಲ್ಪ ಹೇಳ್ತೀರಾ? ಪಾಸ್ ತಗೋಬೇಕಾ? ಏರ್‌ಪೋರ್ಟ್‌ನಿಂದ ಹೇಗೆ ಬರೋದು? ಪ್ಯಾರಿಸ್‌ನಲ್ಲಿ ದಿನ ಜಾಸ್ತಿ ಅಂತ ವೀಸಾ ಫ್ರಾನ್ಸ್‌ಗೇ ಹಾಕುತ್ತಿದ್ದೇವೆ, ಅದು ಸರಿ ತಾನೇ?

ಲೆಕ್ಕದ ಪುಸ್ತಕ:
ವೀಸಾ ಸರಿ. ಜಾಸ್ತಿ ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಕೊಡುವ ಇನ್ಶೂರೆನ್ಸ್ ಕಡ್ಡಾಯ. ಅಪ್ಪನ ವಯಸ್ಸಿಗೆ ಪ್ರೀಮಿಯಂ ಸ್ವಲ್ಪ ಏರುತ್ತದೆ.

ಈಗ ಏರ್‌ಪೋರ್ಟ್. ಶಾರ್ಲ್ ದ ಗಾಲ್‌ನಿಂದ ಊರಿಗೆ ಆರ್‌ಇಆರ್ ಬಿ ಅನ್ನೋ ರೈಲಿದೆ. ಏರ್‌ಪೋರ್ಟ್ ಟಿಕೆಟ್ ಬೇರೆಯೇ, ಒಬ್ಬರಿಗೆ 14 ಯೂರೋ ಸುಮಾರು. ನಾಲ್ಕು ಜನಕ್ಕೆ 56. ಟ್ಯಾಕ್ಸಿಗೆ ಸರ್ಕಾರ ನಿಗದಿ ಮಾಡಿದ ದರ ಇದೆ. ಕಳೆದ ವರ್ಷ ಸೇನ್ ನದಿಯ ಬಲದಂಡೆಗೆ 56 ಯೂರೋ, ಎಡದಂಡೆಗೆ 65. ಟ್ರಾಫಿಕ್ ಇರಲಿ, ಲಗೇಜ್ ಇರಲಿ, ಅಷ್ಟೇ. ನಾಲ್ಕು ಜನ ಇದ್ದ ಮೇಲೆ ಟ್ಯಾಕ್ಸಿ ಬಿಟ್ಟು ಬೇರೆ ಮಾತೇ ಇಲ್ಲ.

ಹುಬ್ಬಳ್ಳಿ ಗಾಳಿ:
ವಾರದ ಪಾಸ್ ಮರೆತಿರಾ ಲೆಕ್ಕದವರೇ? ನಾವಿಗೋ ವಾರದ ಪಾಸ್ 32 ಯೂರೋ ಆಸುಪಾಸು, ಕಾರ್ಡಿಗೆ 5. ಸೋಮವಾರದಿಂದ ಭಾನುವಾರದವರೆಗೆ ಎಲ್ಲ ಮೆಟ್ರೋ, ಬಸ್ಸು, ವರ್ಸೈ, ಏರ್‌ಪೋರ್ಟ್ ರೈಲು ಕೂಡ ಸೇರಿ. ಇವರು ಇಳಿಯೋದೇ ಸೋಮವಾರ. ಇದಕ್ಕಿಂತ ಚೆನ್ನಾಗಿ ಕೂಡಿಬರೋದು ಹೇಗೆ? 37 ಯೂರೋದಲ್ಲಿ ವಾರ ಪೂರ್ತಿ ಮುಗಿಯಿತು.

ಲೆಕ್ಕದ ಪುಸ್ತಕ:
ಮರೆತಿಲ್ಲ. ರೈಲಿನಲ್ಲಿ ಬಂದರೆ ನಿಮ್ಮ ಮಾತು ಪೂರ್ತಿ ಸರಿ, ಪಾಸ್ ಗೆಲ್ಲುತ್ತದೆ. ಟ್ಯಾಕ್ಸಿಯಲ್ಲಿ ಬಂದರೆ ನೋಡಿ. ಬಸ್ ಟಿಕೆಟ್ ಎರಡು ಯೂರೋ ಚಿಲ್ಲರೆ. ಮೆಟ್ರೋ, ಆರ್‌ಇಆರ್ ಟಿಕೆಟ್ ಎರಡೂವರೆ ಚಿಲ್ಲರೆ. ದಿನಕ್ಕೆ ಮೂರು-ನಾಲ್ಕು ಸಲ ಹತ್ತಿದರೂ ಐದು ದಿನಕ್ಕೆ 35, 40ರ ಹತ್ತಿರ. ಅಂದರೆ ಸಮ. ಆದರೆ ಪಾಸ್‌ಗೆ ಒಬ್ಬೊಬ್ಬರದೂ ಫೋಟೋ ಬೇಕು, ಕೌಂಟರ್‌ನಲ್ಲಿ ನಿಲ್ಲಬೇಕು. ಅದಕ್ಕೆ ಬದಲು ನಾವಿಗೋ ಈಜಿ ಕಾರ್ಡ್ 2 ಯೂರೋಗೆ ತಗೊಂಡು ಬೇಕಾದಷ್ಟು ಟಿಕೆಟ್ ತುಂಬಿಸಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕೇ ಬೇಕು. ಒಂದೇ ಕಾರ್ಡನ್ನು ನಾಲ್ಕು ಜನ ಉಜ್ಜೋಕಾಗಲ್ಲ. ಲಂಡನ್ ಥರ ಬ್ಯಾಂಕ್ ಕಾರ್ಡ್ ತೋರಿಸಿ ಗೇಟ್ ದಾಟೋದೂ ಇಲ್ಲಿಲ್ಲ.

ಇನ್ನೊಂದು. ಹಳೆಯ ವಿಡಿಯೋಗಳಲ್ಲಿ ವರ್ಸೈಗೆ ಬೇರೆ ಜೋನ್ ಟಿಕೆಟ್ ತಗೊಳ್ಳಿ, ಹತ್ತು ಟಿಕೆಟ್ಟಿನ ಕಟ್ಟು ತಗೊಳ್ಳಿ ಅಂತ ಹೇಳುತ್ತಾರೆ. 2025ರ ಜನವರಿಯಿಂದ ಜೋನ್ ಲೆಕ್ಕ ಹೋಯಿತು. ಏರ್‌ಪೋರ್ಟ್ ಒಂದು ಬಿಟ್ಟು ಎಲ್ಲ ಕಡೆ ಒಂದೇ ದರ. ಆದರೆ ಬಸ್ ಟಿಕೆಟ್ ಬೇರೆ, ಮೆಟ್ರೋ ಟಿಕೆಟ್ ಬೇರೆ. ಒಂದರಿಂದ ಇನ್ನೊಂದಕ್ಕೆ ಹಾರಿದರೆ ಹೊಸ ಟಿಕೆಟ್. ಚೆಕಿಂಗ್‌ನವರು ಲೈನ್ ಬದಲಿಸುವ ಓಣಿಯಲ್ಲಿ ನಿಂತಿರುತ್ತಾರೆ. ಹೊರಗೆ ಬರುವವರೆಗೆ ಕಾರ್ಡ್ ಕೈಗೆ ಸಿಗುವ ಹಾಗಿರಲಿ.

ಸೇನ್ ದಂಡೆ:
ಟ್ಯಾಕ್ಸಿ ವಿಷಯಕ್ಕೆ ಒಂದು ಸೇರಿಸುತ್ತೇನೆ. ಲಗೇಜ್ ತಗೊಂಡು ಹೊರಬರುವಾಗ ಟರ್ಮಿನಲ್ ಒಳಗೇ 'ಟ್ಯಾಕ್ಸಿ ಟ್ಯಾಕ್ಸಿ' ಅಂತ ಹತ್ತಿರ ಬರುವವರ ಜೊತೆ ಹೋಗಬೇಡಿ. ಹೊರಗೆ ಟ್ಯಾಕ್ಸಿ ಸಾಲು ಇರುತ್ತದೆ, ಕಾರಿನ ತಲೆಯ ಮೇಲೆ 'ಟ್ಯಾಕ್ಸಿ ಪಾರಿಸಿಯಾಂ' ಅನ್ನೋ ದೀಪ ಇರುತ್ತದೆ. ಹತ್ತುವ ಮೊದಲೇ ದರ ಕೇಳಿಬಿಡಿ.

ಕಡಲತೀರ:
ನೀವೆಲ್ಲ ಬಸ್ಸು ಟ್ಯಾಕ್ಸಿಯಲ್ಲೇ ಇದ್ದೀರಿ. ನಾನು ಕೇಳೋದು, ಲೂವ್ರ್‌ಗೆ ಹೋಗಲೇಬೇಕಾ? 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ ಟಿಕೆಟ್ 22ರಿಂದ 32 ಯೂರೋಗೆ ಏರಿಸಿದ್ದಾರೆ. ನಾಲ್ಕು ಜನಕ್ಕೆ 128. ಮೋನಾ ಲಿಸಾ ಎಷ್ಟು ದೊಡ್ಡದಿದೆ ಗೊತ್ತಾ? 77 ಸೆಂಟಿಮೀಟರ್ ಎತ್ತರ, 53 ಅಗಲ. ಗಾಜಿನ ಹಿಂದೆ. ಮುಂದೆ ನೂರಾರು ಜನ ಫೋನ್ ಎತ್ತಿಕೊಂಡು ನಿಂತಿರುತ್ತಾರೆ. ಕಾಣೋದು ಚಿತ್ರ ಅಲ್ಲ, ಮುಂದಿನವರ ಫೋನಿನಲ್ಲಿರುವ ಚಿತ್ರ. ತಮಾಷೆ ಅಂದರೆ, ಅದೇ ಕೋಣೆಯಲ್ಲಿ ಎದುರು ಗೋಡೆಗೆ ಲೂವ್ರ್‌ನ ಅತಿ ದೊಡ್ಡ ಚಿತ್ರ ಇದೆ, ವೆರೊನೀಸೆ ಬರೆದ ಮದುವೆ ಊಟ. ಸಾಲು ಸಾಲು ಜನ, ಬಡಿಸುವವರು, ವಾದ್ಯದವರು, ನಾಯಿ. ಅದಕ್ಕೆ ಎಲ್ಲರೂ ಬೆನ್ನು ತಿರುಗಿಸಿ ನಿಂತಿರುತ್ತಾರೆ.

ಓರ್ಸೇ ನೋಡಿ ಸಾಕು. ಹಳೆಯ ರೈಲ್ವೆ ಸ್ಟೇಷನ್, ದೊಡ್ಡ ಗಡಿಯಾರ, ಒಳ್ಳೆ ಬೆಳಕು. ಅಥವಾ ಓರಾಂಜರಿ. ಎರಡು ಅಂಡಾಕಾರದ ಕೋಣೆ, ಸುತ್ತ ಚಿತ್ರಕಾರ ಮೊನೆ ಬರೆದ ತಾವರೆ ಕೊಳದ ಎಂಟು ಚಿತ್ರ, ನಡುವೆ ಕೂರೋಕೆ ಬೆಂಚು. ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಮ್ಯೂಸಿಯಂ. ಅದಕ್ಕೂ ಮಂಗಳವಾರ ರಜೆ, ನೆನಪಿರಲಿ.

ಹುಬ್ಬಳ್ಳಿ ಗಾಳಿ:
ಪ್ಯಾರಿಸ್‌ಗೆ ಹೋಗಿ ಲೂವ್ರ್ ನೋಡದೆ ಬಂದೆ ಅಂದರೆ ಊರಲ್ಲಿ ನಗುತ್ತಾರೆ.

ಕಡಲತೀರ:
ಊರಲ್ಲಿ ನಗುತ್ತಾರೆ ಅಂತ 128 ಯೂರೋ ಕೊಡಬೇಕಾ ಸರ್?

ಸೇನ್ ದಂಡೆ:
ಅಪ್ಪನಿಗೆ ಆಸೆ ಇದ್ದರೆ ಹೋಗಿ, ನಗುವವರಿಗೋಸ್ಕರ ಬೇಡ. ಹೋಗೋದಾದರೆ ಬುಧವಾರ ಅಥವಾ ಶುಕ್ರವಾರ, ಆ ಎರಡು ದಿನ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಸಂಜೆ ಐದೂವರೆ ಮೇಲೆ ಜನ ಕರಗುತ್ತಾರೆ. ಮೊದಲೇ ಆನ್‌ಲೈನ್‌ನಲ್ಲಿ ಸಮಯ ಬುಕ್ ಮಾಡಿ. ಒಳಗೆ ಗಾಲಿಕುರ್ಚಿ ಉಚಿತವಾಗಿ ಕೊಡುತ್ತಾರೆ, ಗುರುತಿನ ಚೀಟಿ ಇಟ್ಟು ತಗೋಬಹುದು. 'ನನಗೇನು ಕಾಲಿಲ್ಲವಾ' ಅಂತ ಅಪ್ಪ ಸಿಟ್ಟಾಗಬಹುದು. ಅರ್ಧ ಗಂಟೆ ನಡೆದ ಮೇಲೆ ಅವರೇ ಕೇಳುತ್ತಾರೆ.

ದುಡ್ಡಿನ ಮಾತು ಬಂತಲ್ಲ. ನೋತ್ರ್ ದಾಮ್ ಉಚಿತ. 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದದ್ದು, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಒಳಗೆ ಕಲ್ಲೆಲ್ಲ ತೊಳೆದು ಬೆಳ್ಳಗಾಗಿದೆ. ಉಚಿತ ಬುಕಿಂಗ್ ಒಂದೆರಡು ದಿನ ಮುಂಚೆ ಮಾತ್ರ ಸಿಗುತ್ತದೆ, ಸಿಗದಿದ್ದರೆ ಕ್ಯೂನಲ್ಲಿ ನಿಂತರೂ ಬಿಡುತ್ತಾರೆ. ಗೋಪುರಕ್ಕೆ ಮಾತ್ರ ಟಿಕೆಟ್, 424 ಮೆಟ್ಟಿಲು. ಅದು ನಿಮಗಲ್ಲ. ಪೆತಿ ಪಾಲೆ, ಕಾರ್ನವಾಲೆ ಮ್ಯೂಸಿಯಂಗಳ ಕಾಯಂ ಸಂಗ್ರಹಕ್ಕೂ ದುಡ್ಡಿಲ್ಲ. ಮೇಲಿನಿಂದ ಊರು ನೋಡಬೇಕು ಅಂದರೆ ಗ್ಯಾಲರಿ ಲಾಫಾಯೆತ್ ಅಂಗಡಿಯ ತಾರಸಿಗೆ ಹೋಗಿ. ಎಸ್ಕಲೇಟರ್‌ನಲ್ಲೇ ಹೆಚ್ಚೂಕಡಿಮೆ ಮೇಲಿನವರೆಗೆ ಹೋಗಬಹುದು, ಏನೂ ಕೊಳ್ಳಬೇಕಾಗಿಲ್ಲ.

ಬೆಣ್ಣೆದೋಸೆ:
ಹಾಗಾದರೆ ಐಫೆಲ್ ಹತ್ತೋದು ಬೇಡವಾ?

ಕಡಲತೀರ:
ಬೇಡ. ಎದುರುಗಡೆ ಟ್ರೊಕಾಡೆರೊದಲ್ಲಿ ನಿಂತು ನೋಡಿ. ಐಫೆಲ್ ಮೇಲೆ ಹತ್ತಿದರೆ ಐಫೆಲ್ ಕಾಣಲ್ಲ.

ಲೆಕ್ಕದ ಪುಸ್ತಕ:
ಈ ಡೈಲಾಗ್ ಎಲ್ಲರೂ ಹೇಳ್ತಾರೆ. ಅಪ್ಪ ವಾಪಸ್ ಬಂದು ಪಾರ್ಕಿನ ಬೆಂಚಿನಲ್ಲಿ ಗೆಳೆಯರಿಗೆ ಏನು ಹೇಳಬೇಕು? 'ಎದುರಿಗೆ ನಿಂತಿದ್ದೆ' ಅಂತಾನಾ? ಎರಡನೇ ಮಹಡಿಯವರೆಗೆ ಲಿಫ್ಟ್ ಟಿಕೆಟ್ ಸಾಕು, ಅದೇ ಸುಮಾರು 116 ಮೀಟರ್ ಎತ್ತರ. ಅಲ್ಲಿಂದ ಕಟ್ಟಡಗಳನ್ನು ಗುರುತು ಹಿಡಿಯಬಹುದು. ತುತ್ತತುದಿಗೆ ಹೋದರೆ ಎಲ್ಲ ಬೂದು ಬೂದು, ಜೊತೆಗೆ ಲಿಫ್ಟ್‌ಗೆ ಮತ್ತೊಂದು ಕ್ಯೂ. ಮೆಟ್ಟಿಲ ಟಿಕೆಟ್ ಅಗ್ಗ ಅಂತ ಅಪ್ಪಿತಪ್ಪಿ ಒತ್ತಬೇಡಿ, ಎರಡನೇ ಮಹಡಿಗೆ 674 ಮೆಟ್ಟಿಲು. ಅಂದ ಹಾಗೆ, ಐಫೆಲ್ ಟಿಕೆಟ್‌ಗೆ ನಮ್ಮ ಯುಪಿಐ ನಡೆಯುತ್ತದೆ ಅಂತ 2024ರಲ್ಲೇ ಶುರು ಮಾಡಿದ್ದಾರೆ. ಹಾಗಂತ ಪ್ಯಾರಿಸ್ ತುಂಬಾ ಫೋನ್‌ಪೇ ಮಾಡಬಹುದು ಅಂದುಕೊಳ್ಳಬೇಡಿ. ಕಾರ್ಡ್ ಇಟ್ಟುಕೊಳ್ಳಿ. ಮಷಿನ್ 'ರೂಪಾಯಿಯಲ್ಲಿ ಕಡಿಯಲಾ, ಯೂರೋದಲ್ಲಾ' ಅಂತ ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಅಂದರೆ ಅವರಿಗೆ ಬೇಕಾದ ರೇಟು ಹಾಕುತ್ತಾರೆ.

ಸರಸ್ವತಿಪುರಂ ಅಜ್ಜಿ:
ಊಟದ ಕತೆ ಯಾರೂ ಹೇಳಲಿಲ್ಲ. ಅವರಮ್ಮ ಮೊಟ್ಟೆ ತಿನ್ನಲ್ಲ ಅಂತ ಬರೆದಿದ್ದಾರೆ.

ಕಡಲತೀರ:
ಕ್ರೆಪ್ ಇದೆಯಲ್ಲ ಅಜ್ಜಿ. ನಮ್ಮ ದೋಸೆ ಥರಾನೇ. ಚೀಸ್ ಹಾಕಿಸಿಕೊಂಡು ತಿಂದರೆ ಆಯಿತು.

ಸೇನ್ ದಂಡೆ:
ತಡೀರಿ. ಕ್ರೆಪ್ ಹಿಟ್ಟಿಗೇ ಮೊಟ್ಟೆ ಹಾಕುತ್ತಾರೆ. ಗ್ಯಾಲೆತ್ ಅಂತ ಕಂದು ಬಣ್ಣದ್ದು ಇದೆ, ಬಕ್‌ವೀಟ್ ಹಿಟ್ಟಿನದು. ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಿಟ್ಟು, ನೀರು, ಉಪ್ಪು ಅಷ್ಟೇ, ಆದರೆ ಕೆಲವರು ಅದಕ್ಕೂ ಮೊಟ್ಟೆ ಸೇರಿಸುತ್ತಾರೆ. ಕೇಳಬೇಕು. ಕ್ರುವಾಸಾಂ ಅನ್ನೋ ಬನ್ ಮೇಲೆ ಹೊಳಪಿಗೆ ಮೊಟ್ಟೆ ಸವರುತ್ತಾರೆ. ಈರುಳ್ಳಿ ಸೂಪ್ ಹೆಸರು ನೋಡಿ ಮೋಸ ಹೋಗಬೇಡಿ, ಸಾಮಾನ್ಯವಾಗಿ ದನದ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಇಲ್ಲಿನ ಎಷ್ಟೋ ಹೆಸರಾಂತ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅಮ್ಮ ಎಷ್ಟು ಕಟ್ಟುನಿಟ್ಟು ಅನ್ನೋದರ ಮೇಲೆ ನೀವೇ ತೀರ್ಮಾನ ಮಾಡಿ.

ಧೈರ್ಯವಾಗಿ ಕೊಡಬಹುದಾದ್ದು ಬಗೆತ್ ಬ್ರೆಡ್. 'ಟ್ರಾಡಿಸಿಯೋಂ' ಅಂತ ಕೇಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಆ ಹೆಸರಿನ ಬಗೆತ್‌ನಲ್ಲಿ ಮುಖ್ಯವಾಗಿ ಇರೋದು ಗೋಧಿ ಹಿಟ್ಟು, ನೀರು, ಉಪ್ಪು, ಹುದುಗು. ಹಾಲಿಲ್ಲ, ಮೊಟ್ಟೆಯಿಲ್ಲ. ಬೆಳಿಗ್ಗೆ ಏಳಕ್ಕೆ ಬೇಕರಿಗೆ ಹೋದರೆ ಕೈ ಸುಡುವಷ್ಟು ಬಿಸಿ ಇರುತ್ತದೆ. ನಡುವೆ ಹಿಡಿಯಲು ಒಂದು ತುಂಡು ಕಾಗದ ಸುತ್ತಿ ಕೊಡುತ್ತಾರೆ, ತುದಿ ಹೊರಗೆ ಚಾಚಿರುತ್ತದೆ. ಅಂಗಡಿಯಿಂದ ಹೊರಗೆ ಕಾಲಿಟ್ಟ ತಕ್ಷಣ ಆ ತುದಿ ಮುರಿದು ಬಾಯಿಗೆ ಹಾಕಿಕೊಳ್ಳೋದು ಇಲ್ಲಿಯ ಎಲ್ಲರ ಚಾಳಿ. ಅದಕ್ಕೆ ನಮ್ಮ ಶೇಂಗಾ ಚಟ್ನಿಪುಡಿ ಹಚ್ಚಿ ಕೊಡಿ, ಅಮ್ಮ ಬೇಡ ಅನ್ನಲ್ಲ.

ಮಾರೇ ಬಡಾವಣೆಯ ರೋಸಿಯೆ ಬೀದಿಯಲ್ಲಿ ಫಲಾಫಲ್ ಸಿಗುತ್ತದೆ, ಕಡಲೆಕಾಳಿನ ವಡೆ. ಅದು ಯಹೂದಿಗಳ ಬೀದಿ, ಶನಿವಾರ ಹಲವು ಅಂಗಡಿ ಮುಚ್ಚಿರುತ್ತವೆ. ಅನ್ನ-ಸಾಂಬಾರ್ ಬೇಕೆಂದರೆ ಗಾರ್ ದು ನಾರ್ ಸ್ಟೇಷನ್‌ನಿಂದ ಲಾ ಶಾಪೆಲ್ ಕಡೆ ಹೋಗಿ. ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲ್‌ಗಳ ಸಾಲೇ ಇದೆ. ಇಡ್ಲಿ, ದೋಸೆ, ಕರಿಬೇವು, ನುಗ್ಗೆಕಾಯಿ ಎಲ್ಲ ಸಿಗುತ್ತದೆ. ಹತ್ತಿರದ ಪಾಜೋಲ್ ಬೀದಿಯಲ್ಲಿ ಗಣಪತಿ ದೇವಸ್ಥಾನವೂ ಇದೆ.

ಹುಬ್ಬಳ್ಳಿ ಗಾಳಿ:
ಹಾಗಾದರೆ ರೂಮು ಅಲ್ಲೇ ಹಿಡಿದರೆ ಆಯಿತಲ್ಲ? ಅಗ್ಗ, ಊಟ ಕೆಳಗೇ, ಪಿನ್‌ಕೋಡ್ 75010. ಇದನ್ನಾದರೂ ಒಪ್ಪಿಕೊಳ್ಳಿ.

ಸೇನ್ ದಂಡೆ:
ಅರ್ಧ ಒಪ್ಪುತ್ತೇನೆ. ಹಗಲು ಏನೂ ತೊಂದರೆಯಿಲ್ಲ. ರಾತ್ರಿ ಸ್ಟೇಷನ್ ಸುತ್ತ ಗಲಾಟೆ, ಕುಡುಕರು, ಜೇಬುಗಳ್ಳರು ಇರುತ್ತಾರೆ. ಗೆಳೆಯರ ಜೊತೆ ಇದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ಅಪ್ಪ-ಅಮ್ಮ ರಾತ್ರಿ ಹನ್ನೊಂದಕ್ಕೆ ವಾಪಸ್ ಬರಬೇಕಾದ ಜಾಗ ಅದಲ್ಲ. ಬೆಲೆ, ಬಸ್ಸು, ಶಾಂತಿ ಎಲ್ಲ ನೋಡಿದರೆ 12 ಅಥವಾ 13ನೇ ವಾರ್ಡ್ ಹುಡುಕಿ. ನಿಮ್ಮ ಸ್ವಿಟ್ಜರ್‌ಲೆಂಡ್ ರೈಲು ಹೊರಡೋ ಗಾರ್ ದ ಲಿಯೋಂ 12ರಲ್ಲೇ ಇದೆ, 14ನೇ ಲೈನ್ ಕೂಡ ಅಲ್ಲಿ ನಿಲ್ಲುತ್ತದೆ. ಬುಕ್ ಮಾಡುವಾಗ ಲಿಫ್ಟ್ ಇದೆಯಾ ಕೇಳಿ. ಇಲ್ಲಿ 'ಒಂದನೇ ಮಹಡಿ' ಅಂದರೆ ನಮ್ಮ ಹಾಗೇ ನೆಲಮಹಡಿಯ ಮೇಲಿನದು, ಆದರೆ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೂ ಇಬ್ಬರು ನಿಂತರೆ ಸೂಟ್‌ಕೇಸ್‌ಗೆ ಜಾಗವಿರಲ್ಲ.

ಬೆಣ್ಣೆದೋಸೆ:
ಅಮ್ಮ ಕುಕ್ಕರ್ ತಗೊಂಡು ಹೋಗೋಣ ಅಂತ ಹಠ ಹಿಡಿದಿದ್ದಾರೆ. ಅಡುಗೆಮನೆ ಇರುವ ಫ್ಲ್ಯಾಟ್ ಸಿಕ್ಕರೆ ಅನ್ನ ಮಾಡಿಕೊಳ್ಳಬಹುದಲ್ವಾ? ತುಪ್ಪ, ಪೇಡ ಕೂಡ ಪ್ಯಾಕ್ ಮಾಡಿ ಇಟ್ಟಿದ್ದಾರೆ.

ಲೆಕ್ಕದ ಪುಸ್ತಕ:
ತುಪ್ಪ, ಪೇಡ ಎರಡೂ ಬೇಡ. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಾಗೇ ಹಣ್ಣು, ಹಸಿ ಸೊಪ್ಪು, ಕರಿಬೇವು ಕೂಡ ಸರ್ಟಿಫಿಕೇಟ್ ಇಲ್ಲದೆ ಬಿಡಲ್ಲ. ಜೂನ್ ಅಂತ ಮಾವಿನಹಣ್ಣು ತುಂಬಿಕೊಂಡು ಹೋಗಬೇಡಿ. ತೆಂಗಿನಕಾಯಿ, ಬಾಳೆಹಣ್ಣಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ, ನೋಡಿ ಎಂಥ ದೇಶ. ಚಟ್ನಿಪುಡಿ, ಅವಲಕ್ಕಿ, ಖಾರಾ ಬೂಂದಿ, ಉಪ್ಪಿಟ್ಟು ಮಿಕ್ಸ್ ಆರಾಮಾಗಿ ಒಯ್ಯಬಹುದು.

ಹುಬ್ಬಳ್ಳಿ ಗಾಳಿ:
ಒಂದು ಪುಟ್ಟ ಡಬ್ಬಿ ತುಪ್ಪ ಯಾರು ಹುಡುಕುತ್ತಾರ್ರೀ? ಎಲ್ಲರೂ ಒಯ್ಯುತ್ತಾರೆ.

ಲೆಕ್ಕದ ಪುಸ್ತಕ:
ಹುಡುಕಿದರೆ ಕಸದ ಬುಟ್ಟಿಗೆ ಹೋಗುತ್ತದೆ, ಮೇಲೆ ದಂಡವೂ ಬೀಳಬಹುದು. ಮೊದಲ ಸಲ ಬಂದ ದೇಶದ ಕಸ್ಟಮ್ಸ್‌ನಲ್ಲಿ ಅಮ್ಮನನ್ನು ನಿಲ್ಲಿಸೋದು ಬೇಕಾ? ಬೆಣ್ಣೆಗೆ ಬರಗಾಲ ಇರುವ ದೇಶ ಅಲ್ಲವಲ್ಲ ಫ್ರಾನ್ಸ್.

ಸೇನ್ ದಂಡೆ:
ಕುಕ್ಕರ್ ವಿಷಯ. ಬಾಡಿಗೆ ಫ್ಲ್ಯಾಟ್‌ಗಳಲ್ಲಿ ಗ್ಯಾಸ್ ಅಪರೂಪ, ಇಂಡಕ್ಷನ್ ಒಲೆ ಜಾಸ್ತಿ. ನಮ್ಮ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಅದು ಬಿಸಿಯಾಗೋದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಒಯ್ಯಿರಿ. ಪುಟ್ಟ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಆದರೆ ವೋಲ್ಟೇಜ್ ನಮ್ಮದೇ 230, ಆದರೆ ಮೂರು ಪಿನ್ನಿನ ಪ್ಲಗ್ ಕೂರಲ್ಲ, ಅಡಾಪ್ಟರ್ ಬೇಕು. ಎರಡು ಪಿನ್ನಿನ ಫೋನ್ ಚಾರ್ಜರ್‌ಗಳು ಬಹುತೇಕ ಹಾಗೇ ಕೂರುತ್ತವೆ.

ಹೊರಗೆ ತಿನ್ನೋದಾದರೆ ಹೊತ್ತು ನೋಡಿಕೊಳ್ಳಿ. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡೂವರೆ. ಆಮೇಲೆ ಅಡುಗೆಮನೆ ಮುಚ್ಚಿ ಮತ್ತೆ ಏಳಕ್ಕೆ ತೆರೆಯೋದು. ನಮ್ಮವರು ಸುತ್ತಾಡಿ ಮೂರೂವರೆಗೆ ಹಸಿದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಆಗ ಸಿಗೋದು ಕಾಫಿ ಮಾತ್ರ. ಕುಡಿಯೋಕೆ ಬಾಟಲ್ ನೀರು ತರಿಸಬೇಡಿ, 'ಕರಾಫ್ ದೋ' ಅನ್ನಿ, ನಲ್ಲಿ ನೀರು ಜಗ್ಗಿನಲ್ಲಿ ಉಚಿತವಾಗಿ ತರುತ್ತಾರೆ. ಸರ್ವಿಸ್ ಚಾರ್ಜ್ ಬಿಲ್‌ನಲ್ಲೇ ಸೇರಿರುತ್ತದೆ, ಮತ್ತೆ ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಮತ್ತೆ ಅಂಗಡಿ, ಹೋಟೆಲ್, ಬಸ್ಸು ಎಲ್ಲಿ ಹೋದರೂ ಮೊದಲು 'ಬೊಂಜೂರ್'. ಅದನ್ನು ಹೇಳದೆ ನೇರ ಪ್ರಶ್ನೆ ಕೇಳಿದರೆ ಇವರಿಗೆ ಮೂಗಿನ ಮೇಲೆ ಕೋಪ. ಪ್ಯಾರಿಸ್‌ನವರು ಒರಟು ಅನ್ನೋ ದೂರಿನಲ್ಲಿ ಅರ್ಧ ಇಲ್ಲಿಂದಲೇ ಹುಟ್ಟೋದು.

ಬೆಣ್ಣೆದೋಸೆ:
ಕಳ್ಳತನದ ವಿಡಿಯೋ ನೋಡಿ ಹೆಂಡತಿ ಹೆದರಿದ್ದಾಳೆ. ಅಷ್ಟು ಕೆಟ್ಟದಾಗಿದೆಯಾ?

ಸೇನ್ ದಂಡೆ:
ಮೈಮೇಲೆ ಬೀಳುವವರಲ್ಲ, ಕೈಚಳಕದವರು. ಮೊಂಮಾರ್ತ್ರ್ ಗುಡ್ಡದ ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಬುಡದಲ್ಲಿ ಬಣ್ಣದ ದಾರ ಹಿಡಿದವರು ನಿಂತಿರುತ್ತಾರೆ. 'ಇಂಡಿಯಾ? ಶಾರುಖ್ ಖಾನ್!' ಅಂತ ನಗುತ್ತಾ ಕೈ ಕುಲುಕಲು ಚಾಚುತ್ತಾರೆ. ನೀವು ಕೈ ಕೊಟ್ಟರೆ ಬೆರಳಿಗೆ ದಾರ ಸಿಕ್ಕಿಸಿ ಹೆಣೆಯಲು ಶುರು. ಅರ್ಧ ನಿಮಿಷದಲ್ಲಿ ಮಣಿಕಟ್ಟಿಗೆ ಗಂಟು ಬಿದ್ದಿರುತ್ತದೆ, ಬಿಚ್ಚೋಕೆ ಬರಲ್ಲ. ಆಮೇಲೆ 20 ಯೂರೋ ಕೇಳುತ್ತಾರೆ. ಮರ್ಯಾದೆಗೆ ಹೆದರುವ ನಮ್ಮಂಥವರು ಕೊಟ್ಟುಬಿಡುತ್ತೇವೆ. ಕೈ ಜೇಬಿನಲ್ಲಿ ಇಟ್ಟುಕೊಂಡು ನಿಲ್ಲದೆ ಮುಂದೆ ಹೋಗಿ. ನಿಮಗೆ ಹೇಗಿದ್ದರೂ ಆ ಮೆಟ್ಟಿಲು ಬೇಡ. 40ನೇ ನಂಬರ್ ಬಸ್ ಗುಡ್ಡದ ಮೇಲಕ್ಕೇ ಹತ್ತುತ್ತದೆ.

ಕಾಲ ಬಳಿ ಬಿದ್ದ ಚಿನ್ನದ ಉಂಗುರ ಎತ್ತಿಕೊಟ್ಟು 'ನಿಮ್ಮದಾ' ಅನ್ನುವವರು, ಸಹಿ ಹಾಕಿ ಅಂತ ಕಾಗದದ ಹಲಗೆ ಒಡ್ಡುವ ಹುಡುಗಿಯರು, ಐಫೆಲ್ ಹತ್ತಿರ ಮೂರು ಲೋಟದ ಕೆಳಗೆ ಚೆಂಡು ಬಚ್ಚಿಡುವವರು, ಎಲ್ಲ ಅದೇ ಜಾತಿ. ಲೋಟದ ಆಟದಲ್ಲಿ ಗೆಲ್ಲುತ್ತಿರುವವನೂ ಅವರ ಕಡೆಯವನೇ. ಮೆಟ್ರೋ ಹತ್ತಿದರೆ ಬಾಗಿಲ ಹತ್ತಿರ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ. ಬಾಗಿಲು ಮುಚ್ಚುವ ಸದ್ದು ಬಂದಾಗಲೇ ಕಸಿದು ಹಾರೋದು. ಪಾಸ್‌ಪೋರ್ಟ್ ಒಳಜೇಬಿನಲ್ಲಿ ಇರಲಿ. ಏನಾದರೂ ಆದರೆ 112.

ಸರಸ್ವತಿಪುರಂ ಅಜ್ಜಿ:
ಟಾಯ್ಲೆಟ್? ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ನಮ್ಮ ವಯಸ್ಸಿನವರಿಗೆ ಐಫೆಲ್‌ಗಿಂತ ಅದೇ ಮುಖ್ಯ. ನಾವು ಹೋದಾಗ ಬಸ್ಸು ನಿಲ್ಲಿಸಿದ ಕಡೆಯೆಲ್ಲ ಚಿಲ್ಲರೆ ಹುಡುಕೋದೇ ಆಯಿತು.

ಸೇನ್ ದಂಡೆ:
ಒಳ್ಳೆ ಪ್ರಶ್ನೆ ಅಜ್ಜಿ. ಫುಟ್‌ಪಾತ್ ಮೇಲೆ ಸ್ಯಾನಿಸೆತ್ ಅಂತ ಬೂದು ಬಣ್ಣದ ಗೂಡುಗಳಿವೆ, ಎಲ್ಲ ಉಚಿತ. ಒಬ್ಬರು ಹೊರಬಂದ ಮೇಲೆ ಬಾಗಿಲು ಮುಚ್ಚಿಕೊಂಡು ಒಳಗೆ ತಾನೇ ತೊಳೆದುಕೊಳ್ಳುತ್ತದೆ, ಆಮೇಲೆ ಹಸಿರು ದೀಪ. ಅಪ್ಪ ಹೊರಬರುವಾಗ ಬಾಗಿಲು ಹಿಡಿದುಕೊಂಡು ಅಮ್ಮನನ್ನು ಒಳಗೆ ಕಳಿಸಬೇಡಿ, ಅಮ್ಮನಿಗೂ ಸ್ನಾನ ಆದೀತು. ಒಳಗೆ ಕಾಗದ ಮಾತ್ರ. ಖಾಲಿ ಬಾಟಲ್ ಒಂದು ಚೀಲದಲ್ಲಿ ಇರಲಿ. ಮ್ಯೂಸಿಯಂಗೆ ಹೋದಾಗಲೆಲ್ಲ ಅಲ್ಲಿನದನ್ನು ಬಳಸಿಕೊಂಡೇ ಹೊರಡಿ.

ಬೆಣ್ಣೆದೋಸೆ:
ಇವತ್ತು ಏಜೆಂಟ್‌ಗೆ ಹೋಟೆಲ್ ಕ್ಯಾನ್ಸಲ್ ಮಾಡಲು ಹೇಳಿದೆ. ಹೊಸ ಪ್ಲಾನ್ ಹೀಗಿದೆ. ಸೋಮವಾರ ಟ್ಯಾಕ್ಸಿಯಲ್ಲಿ ರೂಮಿಗೆ, ನಿದ್ದೆ, ಸಂಜೆ ದೋಣಿ ಮಾತ್ರ. ಮಂಗಳವಾರ ಓರ್ಸೇ, ನೋತ್ರ್ ದಾಮ್. ಬುಧವಾರ ಬೆಳಿಗ್ಗೆ ಲಾ ಶಾಪೆಲ್ ಮತ್ತು ದೇವಸ್ಥಾನ, ಸಂಜೆ ಲೂವ್ರ್, ಅದೂ ಅಪ್ಪ ಮತ್ತು ನಾನು ಇಬ್ಬರೇ. ಹೆಂಗಸರಿಬ್ಬರೂ ಲಾಫಾಯೆತ್ ತಾರಸಿ ಅಂದಿದ್ದಾರೆ. ಗುರುವಾರ ವರ್ಸೈ, ಶುಕ್ರವಾರ 69ನೇ ಬಸ್ಸು, ಐಫೆಲ್. ಡಿಸ್ನಿ ಇಲ್ಲ.

ಹುಬ್ಬಳ್ಳಿ ಗಾಳಿ:
ಐದು ದಿನಕ್ಕೆ ಇಷ್ಟೇನಾ? ಅಷ್ಟು ದೂರ ಹೋಗಿ ಆರ್ಕ್ ದ ಟ್ರಯೋಂಫ್ ಕೂಡ ಬಿಟ್ಟಿದ್ದೀರಲ್ಲ.

ಲೆಕ್ಕದ ಪುಸ್ತಕ:
ಅದರ ಮೇಲೆ ಹತ್ತೋಕೆ 284 ಮೆಟ್ಟಿಲು ರೀ. ಕೆಳಗಿನಿಂದ ಬಸ್ಸಿನಲ್ಲಿ ಕೂತೇ ಕಾಣುತ್ತದೆ.

ಬೆಣ್ಣೆದೋಸೆ:
ಒಂದೇ ಸಮಸ್ಯೆ. ಅಪ್ಪ ಈ ಚರ್ಚೆಯನ್ನೆಲ್ಲ ಓದಿದರು. ಗಾಲಿಕುರ್ಚಿಗೆ ಒಪ್ಪಿದರು, ಬಸ್ಸಿಗೂ ಒಪ್ಪಿದರು. ಆದರೆ ಐಫೆಲ್ ಎರಡನೇ ಮಹಡಿ ಸಾಕು ಅಂದದ್ದಕ್ಕೆ ಒಪ್ಪುತ್ತಿಲ್ಲ. ತುತ್ತತುದಿಗೇ ಹೋಗಬೇಕಂತೆ.

ಸೇನ್ ದಂಡೆ:
ಹಾಗಾದರೆ ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಲಿಫ್ಟ್ ಟಿಕೆಟ್ 60 ದಿನ ಮುಂಚೆ ಆನ್‌ಲೈನ್‌ನಲ್ಲಿ ಬಿಡುತ್ತಾರೆ, ತುದಿಯದ್ದೇ ಮೊದಲು ಖಾಲಿಯಾಗೋದು. ಮೇಲೆ ಗಾಳಿ ಜೋರು, ಜೂನ್ ಆದರೂ ಅಪ್ಪನಿಗೆ ಒಂದು ಸ್ವೆಟರ್ ಇರಲಿ.